ನಿಘಂಟಮ್ಮನ ಎದುರಿನ ಕುರ್ಚಿ

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಪಾಲಿಟೆಕ್ನಿಕ್ಕಿನ ಗ್ರಂಥಾಲಯದ ಮೂಲೆಯಲ್ಲಿ ಒಬ್ಬ ಹೆಂಗಸು ಬೆರಳಿಗೆಲ್ಲ ಅಂಟು ಮೆತ್ತಿಕೊಂಡು, ನಿಘಂಟಿನ ಒಂದೊಂದೇ ಪ್ರತಿ ತೆರೆದು, ಅದೇ ಪುಟದಲ್ಲಿ ಪುಟ್ಟ ತಿದ್ದುಪಡಿ ಚೀಟಿ ಅಂಟಿಸುತ್ತಿದ್ದಾರೆ. ಜವಾನನಿಗೆ ಹೇಳಿದರೆ ಮಾಡಿಯಾನು. ಇವರು ಕೊಡಬೇಕಲ್ಲ! "ತಪ್ಪು ನಂದು, ಅಂಟೂ ನನ್ನ ಕೈಗೇ ಆಗ್ಲಿ" ಎನ್ನುತ್ತಾರೆ.

ವಿದ್ಯಾರ್ಥಿಗಳ ಬಾಯಲ್ಲಿ ಇವರು ನಿಘಂಟಮ್ಮ. ಮನೆಮಾತಿನಲ್ಲಿ ಓದಿ ಬಂದು, ಇಂಗ್ಲಿಷಿನ ಯಂತ್ರಪಾಠದ ಮುಂದೆ ಕಕ್ಕಾಬಿಕ್ಕಿಯಾಗುವ ಮಕ್ಕಳಿಗೆ ಎರಡು ಭಾಷೆಯ ತಾಂತ್ರಿಕ ನಿಘಂಟು ಮಾಡಿಕೊಡುತ್ತಾರೆ. ಮೂರು ಸಂಪುಟ ಬಂದಿವೆ. ವಿದ್ಯುತ್ತಿನ ನಾಲ್ಕನೆಯದು ಅರ್ಧಕ್ಕೆ ನಿಂತಿದೆ. ಕೆಲಸ ನಡೆಯುತ್ತಿದ್ದಾಗಲೂ ದಿನಕ್ಕೆ ಹತ್ತು ಪದ ಮುಗಿದರೆ ಅದೇ ದೊಡ್ಡದು. ಇನ್ನು ನಿಘಂಟು ಮಾಡಿದವರ ಹೆಸರನ್ನು ಯಾವ ಪುಣ್ಯಾತ್ಮ ನೋಡುತ್ತಾನೆ ಹೇಳಿ?

ಪದ ಒಪ್ಪುವುದಕ್ಕೆ ಇವರದೇ ಒಂದು ಪದ್ಧತಿಯಿತ್ತು. ಇದೇ ಮೂಲೆಯ ಮೇಜಿನ ಮೇಲೆ ಯಂತ್ರದ ಭಾಗ, ಎದುರಿನ ಕುರ್ಚಿಯಲ್ಲಿ ಅಕ್ಕ. ಅಕ್ಕ ಹಾಡು ಕಲಿಸುತ್ತಿದ್ದವರು, ಯಂತ್ರಗಳ ಗಂಧಗಾಳಿಯೂ ಇಲ್ಲದವರು. ತಂಗಿ ವಿವರಣೆ ಓದಬೇಕು, ಅಕ್ಕ ಅದರಂತೆ ಕೈಯಾಡಿಸಬೇಕು. ಕೈ ತಡವರಿಸಿದರೆ ವಿವರಣೆ ಕಸದಬುಟ್ಟಿಗೆ.

"'ಅರ್ಥ ಆಗ್ಲಿಲ್ಲ ಕಣೇ, ಇನ್ನೊಂದ್ಸಲ ಹೇಳು' ಅಂತಿದ್ಲು. ಎಷ್ಟು ಸಿಟ್ಟು ಬರ್ತಿತ್ತು ನಂಗೆ."

ಹೋದ ಮಳೆಗಾಲದಲ್ಲಿ ಅಕ್ಕ ತೀರಿಕೊಂಡರು. ಮೂರನೆಯ ಸಂಪುಟ ಅಚ್ಚಿಗೆ ಹೋಗಬೇಕಿತ್ತು. ಉಳಿದ ಪದಗಳನ್ನು ಇವರು ಖಾಲಿ ಕುರ್ಚಿಗೇ ಓದಿ ಮುಗಿಸಿದರು. ಕುರ್ಚಿ ಎಲ್ಲದಕ್ಕೂ ಹೂಂ ಎಂದಿತು. ಮಾಮೂಲಿ ನಟ್ಟಿಗೆ ತದ್ವಿರುದ್ಧವಾಗಿ ಎಡಕ್ಕೆ ತಿರುಗಿಸಿದರೆ ಬಿಗಿಯಾಗುವ ನಟ್ಟೊಂದು, ಹಾಗೆ ತಿರುಗಿಸಿದರೆ ಸಡಿಲವಾಗುತ್ತದೆ ಎಂದು ಅಚ್ಚಾಗಿಹೋಯಿತು. ಅದನ್ನು ನಂಬಿ ಸಾಣೆಯಂತ್ರದ ನಟ್ಟು ಬಿಚ್ಚಲು ಬಲ ಹಾಕಿದ ವಿದ್ಯಾರ್ಥಿನಿಯ ಸ್ಪ್ಯಾನರ್ ಜಾರಿ, ಬೆರಳ ಗೆಣ್ಣು ಸುಲಿಯಿತು. ಅವಳು ದೂರಲಿಲ್ಲ, ತಾನೇ ತಪ್ಪಾಗಿ ಓದಿಕೊಂಡೆ ಎಂದಳಂತೆ. ನಿಘಂಟಮ್ಮನಿಗೆ ಹೆಚ್ಚು ಚುಚ್ಚಿದ್ದು ಆ ಮಾತೇ.

ಅಂದಿನಿಂದ ಹೊಸ ಪದ ಒಂದೂ ಸೇರಿಲ್ಲ. ವಿದ್ಯುತ್ತಿನಲ್ಲಿ ಎಡವಟ್ಟಾದರೆ ಅದು ಗೆಣ್ಣಿಗೆ ಮುಗಿಯುವುದಿಲ್ಲ. ಸಹೋದ್ಯೋಗಿಗಳನ್ನು ಕೂರಿಸಿ ನೋಡಿದ್ದೂ ಆಯಿತು. ಎಲ್ಲರೂ ಬುದ್ಧಿವಂತರೇ, ಅರ್ಧ ವಾಕ್ಯಕ್ಕೇ ಗೊತ್ತಾಯ್ತು ಬಿಡಿ ಎಂದು ಗಡಿಯಾರ ನೋಡುತ್ತಾರೆ. ಮನೆಗೆ ಹೋದರೆ ಅಲ್ಲಿಯೂ ಮಾತಿಗೊಂದು ಜೀವವಿಲ್ಲ.

ಆ ನಟ್ಟಿನ ತಿದ್ದುಪಡಿಯ ಕೊನೆಯ ಚೀಟಿ ಅಂಟಿಸಿ, ಸೆರಗಿನಿಂದ ಎದುರಿನ ಕುರ್ಚಿಯ ಧೂಳು ಒರೆಸುತ್ತಾರೆ. ಏನಾದರೂ ಆಸೆಯಿದೆಯೇ ಎಂದರೆ ಆ ಕುರ್ಚಿಯನ್ನೇ ತೋರಿಸುತ್ತಾರೆ.

"ಸನ್ಮಾನ ಗಿನ್ಮಾನ ಎಲ್ಲ ಬೇಡ. ಇಲ್ಲಿ ಕೂತ್ಕೊಂಡು, ನಾಚ್ಕೊಳ್ದೆ 'ಅರ್ಥ ಆಗ್ಲಿಲ್ಲ' ಅನ್ನೋರು ಒಬ್ರು ಸಿಕ್ಕಿದ್ರೆ ಸಾಕು."