ಇಪ್ಪತ್ಮೂರು ಮನೆಗಳಲ್ಲಿ ಒಂದೇ ಜೊತೆ ಬೂಟು

ಮಿಯೋಶಿ ಅವರ ಮನೆಗೆ ಕಂಪ್ಯೂಟರ್ ಜೋಡಿಸಲು ಹೋದ ದಿನ ನಾನು ಹೊಸ್ತಿಲ ಬಳಿ ಬೂಟು ಬಿಚ್ಚಿದೆನೋ ಇಲ್ಲವೋ, ನನ್ನ ಬಲಗಾಲಿನ ಹೆಬ್ಬೆರಳು ಕಾಲುಚೀಲದಿಂದ ಹೊರಗೆ ಬಂದು ಇಡೀ ಮನೆಯನ್ನು ನೋಡತೊಡಗಿತು. ಬೆಳಿಗ್ಗೆ ಹಾಕಿಕೊಳ್ಳುವಾಗ ಆ ತೂತು ಕಡಲೆಕಾಳಿನಷ್ಟಿತ್ತು. ಬೂಟಿನೊಳಗಿನ ತೂತು ಯಾರಿಗೆ ಕಾಣುತ್ತದೆ ಎಂದುಕೊಂಡಿದ್ದೆ. ಮನೆಮನೆಗೆ ಹೋಗಿ ದುಡಿಯುವವನು, ಅದೂ ಐವತ್ತೆರಡು ವರ್ಷ ಈ ದೇಶದಲ್ಲೇ ಬೂಟು ಬಿಚ್ಚಿದವನು, ಹಾಗೆಂದುಕೊಳ್ಳಬಾರದಿತ್ತು. ಎಡಗಾಲನ್ನು ಬಲಗಾಲಿನ ಮೇಲಿಟ್ಟು ಕೊಕ್ಕರೆಯ ಹಾಗೆ ನಿಂತೆ. ಕೈಯಲ್ಲಿದ್ದ ಪೆಟ್ಟಿಗೆಯ ಸಮೇತ ವಾಲಿ ಗೋಡೆಗೆ ಆತುಕೊಂಡೆ.

"ಕರೆಂಟಂಗಡಿಯವರೇ," ಎಂದರು ಮನೆಯಾಕೆ ತೋಕಿಕೊ ಸಾನ್, ಮುಖದಲ್ಲಿ ಒಂದು ಗೆರೆಯೂ ಅಲುಗದಂತೆ. "ಆ ಬೆರಳನ್ನೂ ಒಳಗೆ ಕರ್ಕೊಂಡು ಬನ್ನಿ. ಅದೊಂದೇ ಯಾಕೆ ಹೊರಗೆ ನಿಲ್ಬೇಕು?"

ದ್ವೀಪಗಳ ನಡುವೆ ಸಿಕ್ಕಿಕೊಂಡ ಒಳನಾಡು ಕಡಲಿನ ದಡದ ನಮ್ಮ ಊರಲ್ಲಿ ನನ್ನದೊಂದು ವಿದ್ಯುತ್ ಸಾಮಾನಿನ ಅಂಗಡಿ. ಫ್ರಿಜ್, ಬಟ್ಟೆ ಒಗೆಯುವ ಮೆಷೀನು, ಬಲ್ಬು, ಇಷ್ಟರಲ್ಲಿ ನಾನು ಪಂಡಿತ. ಕಂಪ್ಯೂಟರಿನ ವಿಷಯದಲ್ಲಿ ನನ್ನ ವಿದ್ಯೆ ಪೆಟ್ಟಿಗೆ ಬಿಚ್ಚುವಲ್ಲಿಗೆ ಮುಗಿಯುತ್ತದೆ. ಊರಿನವರಿಗೆ ಇದಿನ್ನೂ ಪೂರ್ತಿ ಗೊತ್ತಾಗಿಲ್ಲ.

ತೋಕಿಕೊ ಸಾನ್‌ಗೆ ಆಗ ಅರವತ್ತಾರು. ಮೂವತ್ತೊಂದು ವರ್ಷ ಶಾಲೆಯ ಅಡುಗೆಮನೆಯಲ್ಲಿ ದಿನಕ್ಕೆ ನಾನೂರು ಮಕ್ಕಳಿಗೆ ಬೇಯಿಸಿ ನಿವೃತ್ತರಾದವರು. ಗಂಡ ಇಸಾಕು ಸಾನ್ ಅಂಚೆಯವರು. ಕೆಂಪು ಬೈಕಿನಲ್ಲಿ ಮೂವತ್ತೆಂಟು ವರ್ಷ ಈ ಊರಿನ ಏರುಬೀದಿಗಳನ್ನು ಹತ್ತಿ ಇಳಿದವರು. ಹೆಸರು ಅಳಿಸಿಹೋದ ಲಕೋಟೆಯನ್ನೂ ಕೈಬರಹ ನೋಡಿಯೇ ಸರಿಯಾದ ಮನೆಗೆ ಮುಟ್ಟಿಸುತ್ತಿದ್ದರು. ನಾನು ಹೋದ ದಿನಕ್ಕೆ ಎಂಟು ತಿಂಗಳ ಹಿಂದೆ ಅವರಿಗೆ ಲಕ್ವ ಹೊಡೆದು ಬಲಗೈ ಸೋತಿತು, ಹೆಸರುಗಳೆಲ್ಲ ಎಲ್ಲೋ ಉದುರಿಹೋದವು. ಉಳಿದದ್ದು ಎರಡೇ ಮಾತು: "ಹ್ಞೂಂ" ಮತ್ತು "ಬೇಡ". ಮಾತು ವಾಪಸು ಬರಬಹುದು, ದಿನಾ ಹೆಸರು ಹೇಳಿಸಿ ಎಂದು ಡಾಕ್ಟರು ಸೇಬು, ಛತ್ರಿಗಳ ಚಿತ್ರವಿದ್ದ ಕಾರ್ಡು ಕೊಟ್ಟಿದ್ದರು. ಇಸಾಕು ಸಾನ್ ಛತ್ರಿಯ ಚಿತ್ರ ನೋಡಿ, ಮುಖ ಗೋಡೆಗೆ ತಿರುಗಿಸಿ, "ಬೇಡ" ಎಂದರು. ಆಮೇಲೆ ಆ ಕಾರ್ಡಿನ ಕಟ್ಟು ಬಿಚ್ಚಲೇ ಇಲ್ಲ.

"ಸೇಬು ಯಾರಿಗೆ ಬೇಕ್ರೀ? ಅವರಿಗೆ ಬೇಕಾಗಿರೋದು ಮನೆಗಳು," ಎಂದರು ತೋಕಿಕೊ ಸಾನ್ ನನಗೆ ಚಹಾ ಬಗ್ಗಿಸುತ್ತ. "ನಿಮ್ಮ ಅಂಗಡೀಲಿ ಮೇಲಿನ ಹಲಗೇಲಿ ಒಂದು ಪೆಟ್ಟಿಗೆ ಇದ್ಯಲ್ಲ, ಆಟ ಕಟ್ಟೋದು. ಅದನ್ನೂ ಕೊಡಿ."

ಅದು ಮೂರು ವರ್ಷದಿಂದ ಮಾರಾಟವಾಗದೆ ಬಿಸಿಲಿಗೆ ಬಣ್ಣ ಬಿಟ್ಟಿದ್ದ ಸಾಫ್ಟ್‌ವೇರ್. 'ಪ್ರೋಗ್ರಾಮ್ ಬರೆಯಲು ಬಾರದವರೂ ಆಟ ಕಟ್ಟಬಹುದು' ಎಂದು ಅದರ ಮೇಲೆ ಬರೆದಿತ್ತು. ಕಂಪ್ಯೂಟರಿನ ಜೊತೆ ಪುಕ್ಕಟೆ ಕೊಟ್ಟೆ. ದೊಡ್ಡ ಮನಸ್ಸಿನಿಂದಲ್ಲ, ಧೂಳು ಒರೆಸುವ ಕೆಲಸ ಉಳಿಯಿತೆಂದು.

ಅವರ ಯೋಚನೆ ಸರಳವಾಗಿತ್ತು. ನಮ್ಮ ಊರಿನ ಒಂದು ಬೀದಿ, ಇಪ್ಪತ್ಮೂರು ಮನೆ, ಒಬ್ಬ ಪುಟ್ಟ ಅಂಚೆಯವ. ಆಡುವವನು ಕಾಗದವನ್ನು ಸರಿಯಾದ ಮನೆಗೆ ಕೊಡಬೇಕು. ಗಂಡ ಆಡಬೇಕು, ಆಡುತ್ತ ಒಂದಾದರೂ ಹೆಸರು ಹೇಳಬೇಕು.

ಸಾಫ್ಟ್‌ವೇರಿನ ಮೊದಲ ಮಾದರಿ ಆಟ ನೋಡಿದ ದಿನವೇ ಅಂಗಡಿಗೆ ಫೋನು ಬಂತು.

"ಕರೆಂಟಂಗಡಿಯವರೇ, ಇದರಲ್ಲಿ ಹೀರೋ ಅನ್ನೋನು ಕಂಡೋರ ಮನೆಗೆ ಬೂಟು ಹಾಕ್ಕೊಂಡೇ ನುಗ್ತಾನಲ್ರೀ! ಚಾಪೆ ಮೇಲೆ ಓಡಾಡ್ತಾನೆ, ಬೀರು ತೆಗೀತಾನೆ!"

"ಆಟ ಅಲ್ವಾ ಅಕ್ಕಾವ್ರೇ, ಅದು ಹಾಗೇ."

"ನನ್ನ ಊರಲ್ಲಿ ಹಾಗಿಲ್ಲ."

ಬೂಟು ಬಿಚ್ಚಿಸುವುದು ಹೇಗೆ ಎಂದು ನನ್ನನ್ನು ಕೇಳಿದರು. ಫ್ಯೂಸ್ ನೋಡಿ ಹೇಳುತ್ತೇನೆ ಎಂದೆ. ಅವರು ಅಲ್ಲಿಗೆ ನನ್ನ ಕೈಬಿಟ್ಟು, ಆ ಸಾಫ್ಟ್‌ವೇರ್ ಬಳಸುವವರು ಇಂಟರ್ನೆಟ್ಟಿನಲ್ಲಿ ಸೇರುವ ಹರಟೆಕಟ್ಟೆಗೆ ಹೋದರು. ಅಲ್ಲಿ ಯಾರೂ ಸ್ವಂತ ಹೆಸರು ಇಟ್ಟುಕೊಳ್ಳುವುದಿಲ್ಲ. ಇವರು 'ಊಟದ ಗಂಟೆ' ಆದರು. ಇವರ ಪ್ರಶ್ನೆಗೆ ಮೊದಲು ಉತ್ತರಿಸಿದವನು 'ಅರ್ಧ ಬೆಂದ ಮೊಟ್ಟೆ'. ಯಾರೋ ಹೊತ್ತಿಗೆ ಸರಿಯಾಗಿ ಉಣ್ಣದ ಪ್ರಾಣಿ ಇರಬೇಕೆಂದು ಇವರು ಪ್ರತಿ ಪ್ರಶ್ನೆಯ ಕೊನೆಗೆ 'ಊಟ ಮಾಡಿದಿರಾ?' ಎಂದು ಬರೆಯುತ್ತಿದ್ದರು. ಅವನು 'ಇನ್ನೂ ಇಲ್ಲ' ಎಂದರೆ ಪ್ರಶ್ನೆಯನ್ನು ವಾಪಸು ಪಡೆಯುತ್ತಿದ್ದರು.

ಹೀರೋ ಹೊಸ್ತಿಲ ಚೌಕದ ಮೇಲೆ ಕಾಲಿಟ್ಟೊಡನೆ ಬೂಟಿಲ್ಲದ ಚಿತ್ರ ಬರಬೇಕು, ನೆಲದ ಮೇಲೆ ಒಂದು ಜೊತೆ ಬೂಟು ಕಾಣಬೇಕು, ಹೊರಡುವಾಗ ಎಲ್ಲ ಉಲ್ಟಾ ಆಗಬೇಕು. ಮೊಟ್ಟೆ ಹೇಳಿದ್ದನ್ನು ತೋಕಿಕೊ ಸಾನ್ ಅಡುಗೆಯ ವಿಧಾನದಂತೆ ಚೀಟಿಗಳಲ್ಲಿ ಬರೆದು ಗೋಡೆಗೆ ಅಂಟಿಸಿಕೊಂಡರು. ಬೂಟಿನ ಚಿತ್ರ ತೋರಿಸಿದ ದಿನ ಹರಟೆಕಟ್ಟೆಯಲ್ಲಿ ಗಲಾಟೆಯೇ ಎದ್ದಿತು. ಬೂಟಿನ ಮೂತಿ ಮನೆಯ ಒಳಗಡೆಗೆ ತಿರುಗಿದೆ, ಒಳ್ಳೆ ಮನೆತನದವರು ಬಾಗಿಲ ಕಡೆಗೆ ತಿರುಗಿಸಿಡುತ್ತಾರೆ ಎಂದು ಉತ್ತರದ ಹಿಮದೂರಿನ ಒಬ್ಬಾಕೆ ಬರೆದಳು. ಅವಸರದ ಅಂಚೆಯವನಿಗೆ ಅಷ್ಟು ಪುರುಸೊತ್ತೆಲ್ಲಿ ಎಂದು ಇನ್ನೊಬ್ಬ. ನಲವತ್ತೊಂದು ಉತ್ತರಗಳ ಮೇಲೆ ಬೂಟು ಬಾಗಿಲ ಕಡೆಗೆ ತಿರುಗಿತು.

ಆಮೇಲೆ ನಿಜವಾದ ಕಷ್ಟ. ಹೀರೋ ಒಂದು ಮನೆಯಲ್ಲಿ ಬೂಟು ಬಿಟ್ಟರೆ ಇಪ್ಪತ್ಮೂರು ಮನೆಗಳ ಹೊಸ್ತಿಲಲ್ಲೂ ಅದೇ ಬೂಟು ಪ್ರತ್ಯಕ್ಷ! ನಾನು ಫ್ರಿಜ್ ನೋಡಲು ಹೋಗಿದ್ದಾಗ ತೋರಿಸಿದರು. ಬೂಟನ್ನು ಕಾಣಿಸುವ, ಅಡಗಿಸುವ ಗುರುತಿಗೆ ಆ ಸಾಫ್ಟ್‌ವೇರಿನಲ್ಲೂ 'ಸ್ವಿಚ್ಚು' ಎಂದೇ ಹೆಸರಂತೆ.

"ಎಲ್ಲ ಮನೆಗೂ ಎಷ್ಟು ಸ್ವಿಚ್ಚು ಇಟ್ಟಿದೀರಿ?" ಎಂದೆ, ಏನಾದರೂ ಕೇಳಬೇಕಲ್ಲ ಎಂದು.

"ಒಂದೇ."

"ಒಂದೇ ಸ್ವಿಚ್ಚಾದ್ರೆ ಇಡೀ ಬೀದಿ ದೀಪ ಒಟ್ಟಿಗೇ ಹತ್ಕೊಳ್ಳತ್ತೆ. ಮನೆಗೊಂದು ಹಾಕ್ರೀ."

ಸಂಜೆ ಅರ್ಧ ಬೆಂದ ಮೊಟ್ಟೆಯೂ ಅದನ್ನೇ ಹೇಳಿದನಂತೆ. ಆ ವಾರವೆಲ್ಲ ನಾನು ಬೀದಿಯಲ್ಲಿ ಎದೆಯುಬ್ಬಿಸಿಕೊಂಡು ನಡೆದೆ. ಹೆಂಡತಿ ಬೆನ್ನು ಹಿಡಿದಿದೆಯೇ ಎಂದು ಕೇಳಿದಳು.

ಆಟ ಯಾರಿಗಾಗಿ ಎಂಬುದು ಹರಟೆಕಟ್ಟೆಯವರಿಗೆ ತಿಳಿದದ್ದು ತಡವಾಗಿ. ತಿಳಿದ ಮೇಲೆ ಯಾರೂ ಕನಿಕರದ ಮಾತು ಆಡಲಿಲ್ಲ. ಒಬ್ಬ ಎಲ್ಲವನ್ನೂ ಎಡಗೈಯೊಂದರಲ್ಲೇ ಆಡುವಂತೆ ಗುಂಡಿಗಳನ್ನು ಬದಲಾಯಿಸಿಕೊಟ್ಟ. ಹಿಮದೂರಿನಾಕೆ ತನ್ನ ಮನೆಯ ಮುಂದೆ ಅಂಚೆಯ ಕೆಂಪು ಬೈಕು ಬಂದು ನಿಲ್ಲುವ ಸದ್ದನ್ನು ಮುದ್ರಿಸಿ ಕಳಿಸಿದಳು.

ಮೂರು ತಿಂಗಳಾದ ಮೇಲೆ, ಒಂದು ಭಾನುವಾರ ಮಧ್ಯಾಹ್ನ, ಇಸಾಕು ಸಾನ್‌ರನ್ನು ಕಂಪ್ಯೂಟರಿನ ಮುಂದೆ ಕೂರಿಸಿದರು. ಕರೆಂಟು ಕೈಕೊಟ್ಟರೆ ಇರಲಿ ಎಂದು ನನ್ನನ್ನೂ ಕರೆದಿದ್ದರು. ಈ ಸಲ ಹೊಸ ಕಾಲುಚೀಲ ಹಾಕಿಕೊಂಡು ಹೋಗಿದ್ದೆ. ಯಾರೂ ನೋಡಲಿಲ್ಲ.

"ನೋಡ್ರೀ, ನಮ್ಮ ಬೀದಿ," ಎಂದರು ತೋಕಿಕೊ ಸಾನ್. "ಇಷ್ಟ ಇಲ್ದಿದ್ರೆ ಬೇಡ ಅನ್ನಿ."

ಬೈಕಿನ ಸದ್ದು ಬಂತು. ಮೇಜಿನ ಕೆಳಗೆ ಇಸಾಕು ಸಾನ್‌ರ ಎಡಗಾಲು ತನ್ನಷ್ಟಕ್ಕೆ ಒಮ್ಮೆ ಕೆಳಗೊತ್ತಿತು, ಗೇರು ಹಾಕುವವರ ಹಾಗೆ. 'ಬೇಡ' ಎನ್ನಲಿಲ್ಲ. ಎಡಗೈ ಗುಂಡಿಯ ಮೇಲೆ ಬಂತು. ಪುಟ್ಟ ಅಂಚೆಯವ ಮೆಟ್ಟಿಲು ಹತ್ತಿ ಮೊದಲ ಮನೆಯ ಬಾಗಿಲು ತೆಗೆದು, ಚೆಂದಾಗಿ ಬೂಟು ಬಿಚ್ಚಿ, ಬಾಗಿಲ ಕಡೆಗೆ ತಿರುಗಿಸಿಟ್ಟು, ಒಳಗೆ ಚಾಪೆಯ ಮೇಲೆ ಹೋಗಿ ನಿಂತ.

ಇಸಾಕು ಸಾನ್‌ರ ಹುಬ್ಬು ಗಂಟಿಕ್ಕಿತು. ಬಾಯಿ ಎರಡು ಸಲ ತೆರೆದು ಮುಚ್ಚಿತು. ತೋಕಿಕೊ ಸಾನ್ ಏಪ್ರನ್ನಿನ ಅಂಚನ್ನು ಮುದುರಿ ಹಿಡಿದಿದ್ದರು.

"ಅಂಚೆಯವ..." ಎಂದರು ಇಸಾಕು ಸಾನ್. ತುಂಬ ಹೊತ್ತು ಹುಡುಕಿದರು. "ಒಳಗೆ... ಹೋಗಲ್ಲ."

ಇಸಾಕು ಸಾನ್ ಪರದೆಯ ಹತ್ತಿರಕ್ಕೆ ಬಾಗಿದರು.

"ಬಾಗಿಲಲ್ಲೇ... ಕೊಡ್ತಾನೆ." ಅವರಿಗೆ ಸಿಟ್ಟು ಬಂದಿತ್ತು. ಎಡಗೈ ಬೆರಳಿನಿಂದ ಪರದೆಯನ್ನು ತಟ್ಟಿದರು. "ಇದು ಕಾಜಿತಾನಿ ಮನೆ. ನಾಯಿ... ನಾಯಿ ಎಲ್ಲಿ?"

ಮೂವತ್ತೆಂಟು ವರ್ಷದಲ್ಲಿ ಆ ಮನುಷ್ಯ ಒಂದು ಮನೆಯೊಳಗೂ ಕಾಲಿಟ್ಟಿರಲಿಲ್ಲ. ಹರಟೆಕಟ್ಟೆಯ ಅಷ್ಟೂ ಜನಕ್ಕಾಗಲಿ, ದಿನಾ ಅವರ ಕೈಯಿಂದ ಬಾಗಿಲಲ್ಲೇ ಕಾಗದ ಪಡೆದ ನನಗಾಗಲಿ ಅದು ಹೊಳೆದಿರಲಿಲ್ಲ. ತೋಕಿಕೊ ಸಾನ್ ಎದ್ದು ಅಡುಗೆಮನೆಗೆ ಹೋದರು. ನಲ್ಲಿ ಬಹಳ ಹೊತ್ತು ಹರಿಯಿತು. ಬಂದಾಗ ಮುಖ ತೊಳೆದುಕೊಂಡಿದ್ದರು. "ಯಾವ ಬಣ್ಣದ ನಾಯಿ?" ಎಂದು ಪೆನ್ನು ಹಿಡಿದು ಕೂತರು.

ಆ ವಾರವೇ ಇಪ್ಪತ್ಮೂರು ಮನೆಗಳ ಬೂಟನ್ನೂ ಅಳಿಸಿದರು. ಬೂಟು ಬಿಚ್ಚಿಸುವ ವಿಧಾನವನ್ನು ಹರಟೆಕಟ್ಟೆಗೇ ಬಿಟ್ಟುಕೊಟ್ಟರು. ಈಗ ಅಲ್ಲಿ ಮೂರು ಜನರ ಆಟಗಳಲ್ಲಿ ರಾಕ್ಷಸರನ್ನು ಕೊಲ್ಲುವ ವೀರರು ಮೊದಲು ಬೂಟು ಬಿಚ್ಚಿಡುತ್ತಾರಂತೆ. ಇಸಾಕು ಸಾನ್ ಇಲ್ಲಿಯವರೆಗೆ ಒಂಬತ್ತು ಮನೆಗಳ ಹೆಸರು ಹೇಳಿದ್ದಾರೆ, ಒಂಬತ್ತನ್ನೂ ಬೈಯುತ್ತಲೇ.

ಮೊನ್ನೆ ಹೋದಾಗ ತೋಕಿಕೊ ಸಾನ್ ಮುಂದಿನ ಬೀದಿ ಕಟ್ಟುತ್ತಿದ್ದರು. ಬಾವಿಯನ್ನು ತಂದು ಬಾರ್ಬರ್ ಅಂಗಡಿಯ ಮಾಡಿನ ಮೇಲೆ ಇಡುತ್ತಿದ್ದರು.

"ಅಕ್ಕಾವ್ರೇ, ಈ ಸಲ ಆದ್ರೂ ಮೊದ್ಲೇ ಅವರನ್ನ ಕೇಳ್ಕೊಂಡು ಸರಿಯಾಗಿ ಕಟ್ಬಾರ್ದಾ?" ಎಂದೆ.

ಅವರು ಪರದೆಯಿಂದ ಕಣ್ಣು ತೆಗೆಯಲಿಲ್ಲ.

"ಸರಿಯಾಗಿ ಕಟ್ಟಿದ್ರೆ ಅವರ್ಯಾಕ್ರೀ ಮಾತಾಡ್ತಾರೆ?"