ಗಬ್ಬೂರಿನ ಈರವ್ವ ಮತ್ತು ದಾನದ ಅಕ್ಕಿ

ಗಬ್ಬೂರಿನ ಬೈಪಾಸ್ ಹತ್ತಿರ ಈರವ್ವನ ಕಿರಾಣಿ ಅಂಗಡಿ. ಗಂಡ ತೀರಿಕೊಂಡ ಮೇಲೆ ಹದಿನೆಂಟು ವರ್ಷ ಒಬ್ಬಳೇ ನಡೆಸಿದವಳು. ಯಾರ ಮಾತನ್ನೂ ಒಂದೇ ಸಲಕ್ಕೆ ನಂಬಿದವಳಲ್ಲ.

ಲಾಕ್‌ಡೌನ್ ಬಂದು ಗೋಕುಲ ರಸ್ತೆಯ ಕಾರ್ಖಾನೆಗಳು ಮುಚ್ಚಿದವು. ಸೇವಾ ಸಂಘವೊಂದು ಓಣಿ ಓಣಿಗೂ ಅಕ್ಕಿ ಹಂಚತೊಡಗಿತು. ಕೊಳ್ಳುವವರಿಲ್ಲದೆ ಈರವ್ವನ ಅಂಗಡಿಯ ಅಕ್ಕಿಗೆ ನುಸಿ ಹತ್ತಿತು. ಅಂಥದ್ದರಲ್ಲಿ ಒಂದು ಬೆಳಿಗ್ಗೆ, ಕೆಲಸ ಹೋಗಿದ್ದ ಲೇಥ್ ಕಾರ್ಮಿಕ ಇಸ್ತಿಯಾಕ ಸಂಘದ ಚೀಲವನ್ನೇ ಹೊತ್ತು ಬಂದ.

“ಅಕ್ಕಾರ, ಈ ಅಕ್ಕಿ ಇಟ್ಕೊಂಡು ಜ್ವಾಳದ ಹಿಟ್ಟು ಕೊಡ್ರಿ.”

“ಖರೇ ಹೇಳು, ಎಲ್ಲಿಂದ ಎತ್ಕೊಂಡ್ ಬಂದಿ?”

“ನಮಗ ಕೊಟ್ಟಿದ್ದರಿ. ಮನ್ಯಾಗ ಇನ್ನೂ ಮೂರು ಚೀಲ ಅದಾವ. ರೊಟ್ಟಿ ತಿಂದು ತಿಂಗಳಾತು.”

ಈರವ್ವ ನಂಬಲಿಲ್ಲ, ಹಿಟ್ಟು ಕೊಡದೆ ಅವನನ್ನು ಹಾಗೇ ಕಳಿಸಿದಳು. ಮಧ್ಯಾಹ್ನದೊಳಗೆ ಅಂಥದೇ ಚೀಲ ಹಿಡಿದು ನಾಲ್ವರು ಹೆಂಗಸರು ಬಂದರು. ಅವಳು ಅಂಗಡಿ ಮುಚ್ಚಿ, ಸಂಘದ ಹಂಚಿಕೆ ನೋಡಿಕೊಳ್ಳುತ್ತಿದ್ದ ರಾಜೇಶ್ವರಿಯ ಬಳಿ ಹೋದಳು. “ಅಕ್ಕಿ ಸಾಕು ಮಾಡ್ರಿ. ಚೀಟಿ ಕೊಡ್ರಿ, ಮಂದಿ ಅದನ್ನ ತೋರಿಸಿ ನಮ್ಮ ಅಂಗಡ್ಯಾಗ ಬೇಕಾದ್ದು ತಗೊಳ್ಳಲಿ, ರೊಕ್ಕ ಸಂಘದವರು ಕೊಡ್ರಿ.”

“ನಿಮ್ಮ ವ್ಯಾಪಾರ ಆಗ್ಲಿ ಅಂತ ಹೇಳಾಕತ್ತೀರೇನ್ರಿ?”

“ಹೌದ್ರಿ, ಅದೂ ಐತಿ.”

ರಾಜೇಶ್ವರಿ ಅರೆಮನಸ್ಸಿನಿಂದ ಒಪ್ಪಿದಳು. ಆದರೆ ಚೀಟಿ ಜೋಳಕ್ಕೆ ಮಾತ್ರ ಎಂದಳು.

ಮರುದಿನ ಈರವ್ವ ಅಮರಗೋಳದ ಮಾರುಕಟ್ಟೆಗೆ ಹೋದರೆ, ವರ್ತಕ ಗುರುಪಾದ ಜೋಳದ ದರ ಏರಿಸಿಯಾಗಿತ್ತು. “ಚೀಟಿ ಬರಾಕತ್ತಾವಂತಲ್ಲ, ಎಲ್ಲಾರೂ ಜ್ವಾಳನ ಕೇಳ್ತಾರ,” ಎಂದ ಅವನು. ಚೀಟಿಯ ಸುದ್ದಿ ಇನ್ನೂ ಓಣಿಗೇ ತಿಳಿದಿರಲಿಲ್ಲ. ರಾಜೇಶ್ವರಿ, ಗುರುಪಾದ ಇಬ್ಬರೂ ಒಳಗೊಳಗೇ ಒಂದಾಗಿದ್ದಾರೆ ಎಂದುಕೊಂಡು ಈರವ್ವ ಖಾಲಿ ಕೈಯಲ್ಲಿ ಮರಳಿದಳು.

ಸಂಜೆ ರಾಜೇಶ್ವರಿ ತನ್ನದೇ ತಕ್ಕಡಿ ಹಿಡಿದು ಅಂಗಡಿಗೆ ಬಂದು, ಎರಡು ಕಿಲೋ ಹಿಟ್ಟು ತೂಗಿಸಿ, ಮತ್ತೆ ತಾನೂ ತೂಗಿದಳು. ತೂಕ ಸರಿ ಇತ್ತು. ಈರವ್ವನ ಮುಖ ಕೆಂಪಾಯಿತು.

“ನನ್ನ ತಕ್ಕಡಿ ನೋಡಿದ್ರಿ. ಗುರುಪಾದಗ ಚೀಟಿ ಸುದ್ದಿ ಯಾರು ಮುಟ್ಟಿಸಿದ್ರು, ಅದನ್ನೂ ಹೇಳ್ರಿ.”

ರಾಜೇಶ್ವರಿ ತನ್ನ ತಕ್ಕಡಿಯನ್ನು ಕೆಳಗಿಟ್ಟಳು. ಆಮೇಲೆ, “ನಾನ ಫೋನ್ ಮಾಡಿದ್ದೆ. ಅಷ್ಟು ಮಂದಿಗೆ ಜ್ವಾಳ ಸಿಗತೈತೇನು ಅಂತ ಕೇಳಿದ್ದೆ,” ಎಂದಳು.

“ಅಷ್ಟ ಸಾಕಾತು ಅವಗ.”

ರಾಜೇಶ್ವರಿ ತನ್ನ ಕರಾರು ಬಿಟ್ಟುಕೊಟ್ಟಳು. ಚೀಟಿಗೆ ಜೋಳವಷ್ಟೇ ಅಲ್ಲ, ಬೇಳೆ, ಎಣ್ಣೆ, ಸಾಬೂನು ಏನು ಬೇಕಾದರೂ ಸಿಗುವಂತಾಯಿತು; ಅದು ಓಣಿಯ ಮೂರೂ ಅಂಗಡಿಗಳಲ್ಲಿ ನಡೆಯಿತು. ಜೋಳಕ್ಕೆ ಅಂದುಕೊಂಡಷ್ಟು ನೂಕುನುಗ್ಗಲಾಗಲಿಲ್ಲ. ವಾರ ಕಳೆಯುವುದರೊಳಗೆ ಗುರುಪಾದನೇ ಈರವ್ವನಿಗೆ ಫೋನ್ ಮಾಡಿ ಹಳೆಯ ದರಕ್ಕೆ ಬಂದ. ಈರವ್ವ ಹೋಗಿ ಜೋಳದ ಮೂಟೆ ಬಿಚ್ಚಿಸಿ, ತಳದ ಕಾಳನ್ನೂ ಕೈಯಲ್ಲಿ ತೆಗೆದು ನೋಡಿ ಕೊಂಡಳು.