ಜೋಳ ಬಿತ್ತಬಾರದ ಹೊಲ

ಹಸನಾದ ಹೊಲ ಕಂಡರೆ ನನಗೆ ಹೆದರಿಕೆ. ಹಾವಿಗೆ, ಚೇಳಿಗೆ, ಸಾಲಿ ತಪಾಸಣೆಗೆ ಬರುವ ಸಾಹೇಬರಿಗೆ ಹೆದರುವುದು ಲೋಕರೂಢಿ. ಒಂದು ಕಡ್ಡಿ ಕಸವೂ ಇಲ್ಲದ ಹೊಲಕ್ಕೆ ಹೆದರುವ ಮಾಸ್ತರ ಗೋಕಾಕ ತಾಲೂಕಿನಲ್ಲಿ ನಾನೊಬ್ಬನೇ ಇರಬೇಕು. ನಗುವುದಾದರೆ ನಗಿ, ಆದರೆ ಪೂರ್ತಿ ಕೇಳಿ ನಗಿ.

ಕಸವೆಂದರೆ ಕರೆಯದೆ ಬಂದದ್ದು ಎಂದು ನಾವು ತಿಳಿದಿದ್ದೇವೆ. ಹಾಗೇನಿಲ್ಲ. ಬೀಗರಂತೆ ಅದೂ ಮನೆ ನೋಡಿಯೇ ಬರುತ್ತದೆ. ಬೆಳೆ ಬದಲಾದರೆ ಬುಡದಲ್ಲಿ ಕೂಡುವ ಮಂದಿಯೂ ಬದಲಾಗುತ್ತಾರೆ. ಮೇಲವಂಕಿಯ ನಮ್ಮ ಆಯಿ, ಅಂದರೆ ಅಪ್ಪನ ತಾಯಿ, ಹಳ್ಳದ ಕಡೆಯ ಹೊಲದಲ್ಲಿ ಹತ್ತಿ, ತೊಗರಿ, ಎಳ್ಳು ಸಾಲುಸಾಲಾಗಿ ಹಾಕಿಸುತ್ತಿದ್ದಳು. ಸಾಲಿನ ನಡುವೆ ಹಕ್ಕರಕಿ, ಕಿರಕಸಾಲಿ, ಗೋಳಿ ತಾವಾಗಿಯೇ ಏಳುತ್ತಿದ್ದವು. ಅವನ್ನು ಉಡಿಯಲ್ಲಿ ತುಂಬಿಕೊಂಡು ಬಂದು ಪಲ್ಯ ಮಾಡುತ್ತಿದ್ದಳು. ಜೋಳವನ್ನು ಮಾತ್ರ ಆ ಹೊಲದ ಹತ್ತಿರ ಸುಳಿಯಗೊಡುತ್ತಿರಲಿಲ್ಲ.

ಹಿಂದಿನ ಮಹಾಯುದ್ಧ ಮುಗಿದ ಕಾಲಕ್ಕೆ ಅಪ್ಪ ಮತ್ತು ಕಾಕಾ ಬೇರೆಯಾದರು. ಹಳ್ಳದ ಹೊಲ ಕಾಕಾನ ಪಾಲಿಗೆ ಬಂತು, ಆಯಿಯೂ ಕಿರಿಮಗನ ಮನೆಯಲ್ಲೇ ಇರುತ್ತೇನೆಂದಳು. ಕಾಕಾ ಉಬ್ಬಿಹೋದ. “ಅವ್ವಾ, ಇನ್ನ ಮ್ಯಾಲ ನನ್ನ ಹೊಲದ ಜ್ವಾಳದ ರೊಟ್ಟಿನ ನಿನಗ ಉಣಸ್ತೇನಿ” ಎಂದ.

ಆಯಿಯ ಮುಖ ಬಿಳಿಚಿತು. “ಆ ಹೊಲದಾಗ ಏನರೆ ಬಿತ್ತಪಾ, ಜ್ವಾಳ ಒಂದ ಬ್ಯಾಡ. ಕೆಳಗ ಮಲಗ್ಯಾವು. ಜ್ವಾಳದ ಬೇರಿನ ವಾಸನಿ ಬಡದ್ರ ಏಳತಾವು.”

“ಯಾರವ್ವಾ ಮಲಗಿದವ್ರು?”

“ನಮ್ಮತ್ತಿ ನೋಡಿದ್ಲು. ನಾ ನೋಡಿಲ್ಲ. ನೋಡೂದು ಬ್ಯಾಡ.”

ಕಾಕಾ ನಕ್ಕ. ಜೋಳವಿಲ್ಲದವನೂ ಒಬ್ಬ ಒಕ್ಕಲಿಗನೇ? ಕುಂಟೆ ಹೊಡೆದ, ಬೇರು ಆರಿಸಿದ, ಹೊಲದ ಉದ್ದಕ್ಕೂ ಬರೀ ಜೋಳ ಬಿತ್ತಿದ. ನಾನು ಗೋಕಾಕದಿಂದ ಚಕ್ಕಡಿಯಲ್ಲಿ ಹೋಗಿ ನೋಡಿದಾಗ, ಒರೆಸಿದ ಪಾಟಿಯ ಮೇಲೆ ಗೆರೆ ಎಳೆದಂತಿತ್ತು. ನನ್ನ ಹುಡುಗರ ಅಕ್ಷರ ಹೀಗಿದ್ದರೆ ಎಂದು ಮೆಚ್ಚಿ ಬಂದೆ. ಮಾಸ್ತರರ ಮೆಚ್ಚುಗೆ ಯಾವತ್ತೂ ಬರೀ ಸಾಲು ನೋಡುತ್ತದೆ, ಬುಡ ನೋಡುವುದಿಲ್ಲ.

ಜೋಳ ಮೊಣಕಾಲುದ್ದ ಬಂದು ನಿಂತಿತು. ಮುಂದೆ ಏರಲಿಲ್ಲ. ನೆಲ ಹಸಿ ಇತ್ತು, ಮಳೆ ಚೆನ್ನಾಗಿತ್ತು. ಆದರೂ ಎಲೆ ನೀರು ಕಾಣದಂತೆ ಸುರುಟಿಕೊಂಡವು. ನೆಲದ ಮೇಲೆ ಕಳ್ಳ ಯಾರೂ ಇರಲಿಲ್ಲ. ಒಳಗೆ ಯಾರೋ ಕುಡಿಯುತ್ತಿದ್ದಾರೆ ಎಂದು ಕಾಕಾನಿಗೆ ಅನ್ನಿಸಿತಂತೆ. ಬಾಗಿ ಕಿವಿಗೊಟ್ಟೂ ನೋಡಿದನಂತೆ. ಆಮೇಲೆ ಒಂದು ಬೆಳಿಗ್ಗೆ ಪ್ರತಿ ದಂಟಿನ ಬುಡಕ್ಕೂ ಗೇಣುದ್ದದ ಗಿಡಗಳು ಎದ್ದು ನಿಂತಿದ್ದವು. ಸುದ್ದಿ ಕೇಳಿ ನಾನೂ ಹೋಗಿ ನೋಡಿದೆ. ಸಣ್ಣ ಸಣ್ಣ ಬಿಳಿ ಹೂವು. ಹಿಡಿದು ಕಿತ್ತರೆ ಜೋಳದ ಬೇರಿಗೇ ಅಂಟಿಕೊಂಡು ಬರುತ್ತಿದ್ದವು. ಅಷ್ಟು ಚೆಂದದ ಹೂವಿಗೆ ನಾನು ಅಷ್ಟು ಅಂಜಿದ್ದು ಅದೇ ಮೊದಲು.

ಬೆಳೆಯುವ ಸಿರಿ ಮೊಳಕೆಯಲ್ಲಿ ಎನ್ನುತ್ತಾರೆ. ಅಳಿಯುವ ಸಿರಿ ಎಲ್ಲಿರುತ್ತದೆಂದು ಗಾದೆ ಕಟ್ಟಿದವರು ಹೇಳಿಲ್ಲ. ಆ ಕಸದ ಧೂಳಿನಷ್ಟು ಸಣ್ಣ ಬೀಜ ವರ್ಷಗಟ್ಟಲೆ ಮಣ್ಣಲ್ಲಿ ಮಲಗಿರುತ್ತದೆ, ಜೋಳದ ಬೇರು ಸಮೀಪ ಬಂದರೆ ಕಣ್ಣು ತೆರೆಯುತ್ತದೆ ಎಂದು ಆಮೇಲೆ ನಾನೂ ಓದಿದೆ. ಹತ್ತಿ ಬಿತ್ತಿದರೂ ಕೆಲವು ಏಳುತ್ತವಂತೆ. ಹತ್ತಿಯ ಬೇರನ್ನು ಹಿಡಿದು ಹೀರಲಾಗದೆ ಉಪವಾಸ ಸಾಯುತ್ತವಂತೆ. ಓದಿ ಹೆದರಿಕೆ ಕಡಿಮೆಯಾಗುತ್ತದೆಂದು ಯಾರು ಹೇಳಿದರೋ ಕಾಣೆ.

ಆ ವರ್ಷ ಕಾಕಾನ ಕಣಕ್ಕೆ ತೆನೆ ಬರಲಿಲ್ಲ. ಆಯಿ ನಮ್ಮಪ್ಪ ಕಳಿಸಿದ ಜೋಳದ ರೊಟ್ಟಿ ಉಂಡಳು. ಬೈದಿದ್ದರೆ ಕಾಕಾನ ಮನಸ್ಸು ಹಗುರಾಗುತ್ತಿತ್ತು. ಅವಳು ಉಣ್ಣಲು ಕುಳಿತಾಗ ಅವನು ಎದ್ದು ಹೊರಗೆ ಹೋಗುತ್ತಿದ್ದ.

ಮರುವರ್ಷ ಹೊಲಕ್ಕೆ ಮತ್ತೆ ಹತ್ತಿ, ತೊಗರಿ, ಎಳ್ಳು ಬಂದವು. ಹಕ್ಕರಕಿಯೂ ಹಿಂದೆಯೇ ಬಂತು. ಎರಡು ಮಳೆಗಾಲ ಕಳೆದು ಆಯಿ ಹಾಸಿಗೆ ಹಿಡಿದಳು. ನಮ್ಮಲ್ಲಿ ಸತ್ತವರನ್ನು ಹೊಲದಲ್ಲೇ ಕುಳ್ಳಿರಿಸಿ ಮಣ್ಣು ಮಾಡುತ್ತಾರೆ. “ನನ್ನ ಹಳ್ಳದ ಹೊಲದಾಗ ಇಡ್ರಿ. ಅವು ಮಲಗ್ಯಾವು, ನಾ ಕುಂತು ಕಾಯತೇನಿ” ಎಂದಳು. ಹಾಗೆಯೇ ಮಾಡಿದೆವು.

ಆಮೇಲಿನ ಎಳ್ಳ ಅಮಾವಾಸ್ಯೆಗೆ ಕಾಕಾನೊಡನೆ ಚರಗ ಚೆಲ್ಲಲು ಹೋದೆ. ಆ ದಿನ ಹೊಲದ ಸುತ್ತ ಅಡಿಗೆ ಎರಚುತ್ತ ಭೂತಾಯಿಯನ್ನು ಕೂಗಿ ಕರೆಯುವುದು ಪದ್ಧತಿ. ಕಾಕಾ ಅಲ್ಲಿ ಕೂಗುವುದನ್ನು ಬಿಟ್ಟಿದ್ದ. ಪಿಸುಗುಟ್ಟುತ್ತ, ಹೆಜ್ಜೆ ಸಪ್ಪಳವಾಗದಂತೆ ನಡೆದ. ಸುತ್ತು ಮುಗಿದ ಮೇಲೆ ಆಯಿಯ ಗುಡ್ಡೆಯ ಹತ್ತಿರ ಕುಳಿತು ಗಂಟು ಬಿಚ್ಚಿದ. ಒಳಗಿದ್ದದ್ದು ಜೋಳದ ರೊಟ್ಟಿ. ಬೇರೆಯವರ ಹೊಲವನ್ನು ಪಾಲಿಗೆ ಮಾಡಿ ಅವನೇ ಬೆಳೆದ ಜೋಳ.

ಬೇರಿಗೆ ಏಳುವುದು ರೊಟ್ಟಿಗೆ ಏಳುವುದಿಲ್ಲ ಎಂಬುದು ಓದಿದವನಾದ ನನಗೆ ಗೊತ್ತಿತ್ತು. ಆದರೂ ಬದು ದಾಟಿ ಆಚೆ ನಿಂತೆ.

“ಅವ್ವಾ, ನಾ ಬೆಳದ ಜ್ವಾಳ ಐತಿ ಇದು” ಎಂದು ಕಾಕಾ ರೊಟ್ಟಿ ಮುರಿದು ಮಣ್ಣಿನ ಮೇಲಿಟ್ಟ. ಆ ಹೊಲದಲ್ಲಿ ಪಿಸುಮಾತನ್ನೂ ಅಳೆದು ಆಡುತ್ತಿದ್ದ ಮನುಷ್ಯ ಆಗ ಗಟ್ಟಿಯಾಗಿ ಕರೆದ. “ಏಳವ್ವಾ, ಉಣ್ಣೇಳು.”

ನಾನು ಹತ್ತಿಗಿಡಗಳ ಬುಡವನ್ನೇ ನೋಡುತ್ತಿದ್ದೆ. ಏನೂ ಅಲುಗಲಿಲ್ಲ. ಅಲುಗಲಿಲ್ಲವೆಂದು ಜೀವ ಬಂದಂತಾಯಿತು. ಯಾಕೋ, ತುಸು ಬೇಸರವೂ ಆಯಿತು.